ಬಾಡಿಗೆಗೆ ಸಿಗುವ ವಿಡಿಯೋ

ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಅದು ಯಾವಾಗಲೂ ಒಂದೇ ಸಾಲಿನ ಟಿಕೆಟ್ ಆಗಿ ಬರುತ್ತೆ: 'ಆ್ಯಪ್‌ಗೆ ವಿಡಿಯೋ ಮೆಸೇಜಿಂಗ್ ಸೇರಿಸುವುದು'. ಪ್ರಾಡಕ್ಟ್‌ನವರ ಲೆಕ್ಕದಲ್ಲಿ ಎರಡು ವಾರದ ಕೆಲಸ. ಅವರು ಹಾಗೆ ಅಂದುಕೊಳ್ಳೋದು ಸಹಜ. ವಿಡಿಯೋ ಸರ್ವಿಸ್ ಕೊಡುವ ಯಾವುದಾದರೂ ಕಂಪನಿಯಲ್ಲಿ ಅಕೌಂಟ್ ತೆರೆದು, ಎಪಿಐ ಕೀ ತಗೊಂಡು, ಅವರ ಲೈಬ್ರರಿಯನ್ನು ನಮ್ಮ ಸರ್ವರ್‌ಗೆ ಹಾಕಿ, ಟೋಕನ್ ಕೊಡುವ ಒಂದು ಎಂಡ್‌ಪಾಯಿಂಟ್ ಬರೆದರೆ ಸಂಜೆಯೊಳಗೆ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಮುಖ ಕಾಣುತ್ತವೆ. ಡೆಮೋ ಮುಗೀತು, ಎಲ್ಲರೂ ಚಪ್ಪಾಳೆ ತಟ್ಟಿದರು, ಮುಂದಿನ ಟಿಕೆಟ್.

ನಾನು ಹನ್ನೊಂದು ವರ್ಷದಿಂದ ಬ್ಯಾಕೆಂಡ್ ಕೆಲಸದಲ್ಲಿದ್ದೇನೆ. ಈ ಟಿಕೆಟ್ ನನ್ನ ಪಾಲಿಗೆ ಮೂರು ಸಲ ಬಂದಿದೆ. ಬರಬರುತ್ತಾ ನನಗೆ ಡಾಕ್ಯುಮೆಂಟೇಷನ್‌ಗಿಂತ ಅದರ ಹಿಂದಿನ ಇತಿಹಾಸವೇ ಹೆಚ್ಚು ಉಪಯೋಗಕ್ಕೆ ಬಂತು. ಯಾಕೆ ಅಂದರೆ, ಡಾಕ್ಯುಮೆಂಟೇಷನ್ ಹೇಳೋದು ಹೇಗೆ ಒಳಗೆ ಬರಬೇಕು ಅನ್ನೋದನ್ನ. ಹೇಗೆ ಹೊರಗೆ ಹೋಗಬೇಕು ಅನ್ನೋದನ್ನ ಇತಿಹಾಸವೇ ಹೇಳಬೇಕು. ಸುಮಾರು ನೂರು ವರ್ಷಗಳ ಈ ಕತೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತೆ: ಇಬ್ಬರು ಒಬ್ಬರನ್ನೊಬ್ಬರು ನೋಡುವಾಗ, ಅವರ ನಡುವಿನ ದಾರಿ ಯಾರ ಕೈಯಲ್ಲಿದೆ?

ಶುರುವಿನಲ್ಲಿ ಆ ದಾರಿ ಪೂರ್ತಿ ಒಬ್ಬರದ್ದೇ ಆಗಿತ್ತು. 1927ರ ಏಪ್ರಿಲ್ 7ರಂದು ಅಮೆರಿಕದ ಆಗಿನ ವಾಣಿಜ್ಯ ಸಚಿವ ಹರ್ಬರ್ಟ್ ಹೂವರ್ ವಾಷಿಂಗ್ಟನ್‌ನಲ್ಲಿ ಕೂತು ಮಾತಾಡಿದರು. ನ್ಯೂಯಾರ್ಕ್‌ನಲ್ಲಿದ್ದ ಎಟಿ ಆ್ಯಂಡ್ ಟಿ ಕಂಪನಿಯ ಅಧ್ಯಕ್ಷರಿಗೆ ಅವರ ಮುಖ ಕಂಡಿತು. ದನಿ ಎರಡೂ ಕಡೆ ಹೋಗುತ್ತಿತ್ತು, ಚಿತ್ರ ಮಾತ್ರ ಒಂದೇ ಕಡೆ. ಒಂಬತ್ತು ವರ್ಷದ ನಂತರ, 1936ರಲ್ಲಿ, ಜರ್ಮನಿಯ ಅಂಚೆ ಇಲಾಖೆ ಬರ್ಲಿನ್ ಮತ್ತು ಲೈಪ್‌ಜಿಗ್ ನಡುವೆ ಸಾರ್ವಜನಿಕ ವಿಡಿಯೋ ಫೋನ್ ತೆರೆಯಿತು. ಎರಡೂ ಊರಿನವರು ತಮ್ಮ ತಮ್ಮ ಅಂಚೆ ಕಚೇರಿಗೆ ಹೋಗಿ, ಅಲ್ಲಿನ ಬೂತ್‌ನಲ್ಲಿ ಕೂರಬೇಕು. ಯುದ್ಧ ಬಂತು, 1940ರಲ್ಲಿ ಅದು ನಿಂತಿತು. ತಂತಿ, ಬೂತ್, ಕ್ಯಾಮೆರಾ ಎಲ್ಲವೂ ಇಲಾಖೆಯದ್ದೇ. ಹಾಗಾಗಿ ನಿಲ್ಲಿಸುವ ತೀರ್ಮಾನವೂ ಇಲಾಖೆಯದ್ದೇ.

ಅಮೆರಿಕದ 'ಪಿಕ್ಚರ್‌ಫೋನ್' ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಎಟಿ ಆ್ಯಂಡ್ ಟಿ ಅದನ್ನು ಜನರ ಮುಂದಿಟ್ಟಿತು. ಅದೇ ವರ್ಷ ಜೂನ್‌ನಲ್ಲಿ ನ್ಯೂಯಾರ್ಕ್, ವಾಷಿಂಗ್ಟನ್, ಶಿಕಾಗೊ ನಗರಗಳಲ್ಲಿ ಬೂತ್‌ಗಳು ತೆರೆದವು. ಮೊದಲ ಮೂರು ನಿಮಿಷಕ್ಕೆ ದೂರ ನೋಡಿಕೊಂಡು 16ರಿಂದ 27 ಡಾಲರ್. ಆ ಕಾಲದ ಡಾಲರ್, ಗಮನಿಸಿ. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಆಫೀಸುಗಳಿಗೆ ಈ ಸೇವೆ ಸಿಗತೊಡಗಿದಾಗ ತಿಂಗಳಿಗೆ 160 ಡಾಲರ್ ಬಾಡಿಗೆ. ಅದರಲ್ಲಿ ಅರ್ಧ ಗಂಟೆಯ ಮಾತು ಸೇರಿತ್ತು. ಮಾಮೂಲಿ ಫೋನ್‌ಗೆ ಒಂದು ಜೋಡಿ ತಂತಿ ಸಾಕು, ಇದಕ್ಕೆ ಮೂರು ಜೋಡಿ ಬೇಕು. ಕಂಪನಿ ಲಕ್ಷಾಂತರ ಗ್ರಾಹಕರ ಕನಸು ಕಂಡಿತ್ತು, ಸಿಕ್ಕವರು ಕೆಲವೇ ನೂರು.

ಬೆಲೆ ಜಾಸ್ತಿ ಅನ್ನೋದು ನಿಜ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು: ಪಿಕ್ಚರ್‌ಫೋನ್ ಇದ್ದವರು ಪಿಕ್ಚರ್‌ಫೋನ್ ಇದ್ದವರನ್ನು ಮಾತ್ರ ನೋಡಬಹುದು. ಊರಲ್ಲಿ ನಿಮ್ಮ ಹತ್ತಿರ ಮಾತ್ರ ಅದು ಇದ್ದರೆ, ಯಾರಿಗೆ ಫೋನ್ ಮಾಡ್ತೀರಿ? ತಂತಿಯೂ ಅವರದೇ, ಪೆಟ್ಟಿಗೆಯೂ ಅವರದೇ. ಬೇರೆ ಯಾರೂ ಹೊಸ ಪೆಟ್ಟಿಗೆ ಮಾಡಿ ಆ ತಂತಿಗೆ ಸಿಕ್ಕಿಸುವಂತಿಲ್ಲ. ಅದರ ಮೇಲೆ ಇನ್ನೊಂದು ಸೇವೆ ಕಟ್ಟುವಂತೆಯೂ ಇಲ್ಲ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಅದಕ್ಕೆ ಎಪಿಐ ಇರಲಿಲ್ಲ.

ನಮಗೆ ಪರಿಚಿತ ಅನ್ನಿಸುವ ಸರ್ವರ್ ಈ ಕತೆಗೆ ಬಂದದ್ದು 1990ರ ದಶಕದಲ್ಲಿ, ಒಂದು ವಿಶ್ವವಿದ್ಯಾಲಯದಿಂದ. ಕಾರ್ನೆಲ್‌ನ ಟಿಮ್ ಡಾರ್ಸಿ 1992ರಲ್ಲಿ ಮ್ಯಾಕಿಂಟೋಷ್‌ಗೆ 'ಸಿಯು-ಸೀಮೀ' ಅನ್ನೋ ಪ್ರೋಗ್ರಾಂ ಬರೆದರು. ಚಿತ್ರದ ಅಳತೆ 160 ಗುಣಿಸು 120 ಪಿಕ್ಸೆಲ್, ಬಣ್ಣ ಇಲ್ಲ, ಬೂದು ಬಣ್ಣದ ಹದಿನಾರು ಛಾಯೆ ಅಷ್ಟೇ. ಇವತ್ತಿನ ಆ್ಯಪ್ ಐಕಾನ್‌ಗಿಂತ ಅಂಥ ದೊಡ್ಡದೇನೂ ಅಲ್ಲ. ಆದರೆ ಅದು ಓಡಿದ್ದು ಯಾವ ಕಂಪನಿಯ ಖಾಸಗಿ ತಂತಿಯ ಮೇಲೂ ಅಲ್ಲ, ಇಂಟರ್ನೆಟ್ ಮೇಲೆ.

ಸಿಯು-ಸೀಮೀಯ ಜೊತೆಗೆ 'ರಿಫ್ಲೆಕ್ಟರ್' ಅನ್ನೋ ಇನ್ನೊಂದು ಪ್ರೋಗ್ರಾಂ ಇತ್ತು. ನಮ್ಮ ಕೆಲಸಕ್ಕೆ ಸಂಬಂಧಪಟ್ಟ ಅಸಲಿ ಸಂಗತಿ ಅದೇ. ಲೆಕ್ಕ ನೋಡಿ. ಆರು ಜನ ನೇರವಾಗಿ ಒಬ್ಬರಿಗೊಬ್ಬರು ವಿಡಿಯೋ ಕಳಿಸಬೇಕಾದರೆ, ಪ್ರತಿಯೊಬ್ಬರೂ ಐದು ಪ್ರತಿ ಕಳಿಸಬೇಕು. ಒಟ್ಟು ಮೂವತ್ತು. ಆಗಿನ ಲೈನ್‌ಗಳಿಗೆ ಅದು ಆಗದ ಮಾತು. ರಿಫ್ಲೆಕ್ಟರ್ ಇದ್ದರೆ ಪ್ರತಿಯೊಬ್ಬರೂ ಅದಕ್ಕೆ ಒಂದೇ ಪ್ರತಿ ಕಳಿಸಿದರೆ ಸಾಕು, ಉಳಿದವರಿಗೆ ಹಂಚುವ ಕೆಲಸ ಅದರದ್ದು. ಇವತ್ತು ನಾವು ಸೆಲೆಕ್ಟಿವ್ ಫಾರ್ವರ್ಡಿಂಗ್ ಯೂನಿಟ್ ಅಂತ ಕರೆದು, ಮೀಟಿಂಗ್‌ನಲ್ಲಿ ಗಂಭೀರವಾಗಿ ಚರ್ಚೆ ಮಾಡ್ತೀವಲ್ಲ, ಅದರ ಅಜ್ಜ ಇದೇ ರಿಫ್ಲೆಕ್ಟರ್. ಯಾವ ಶಾಲೆ, ಯಾವ ಸಂಸ್ಥೆ ಬೇಕಾದರೂ ತನ್ನದೇ ರಿಫ್ಲೆಕ್ಟರ್ ಓಡಿಸಬಹುದಿತ್ತು. ನಾಸಾದ ಬಾಹ್ಯಾಕಾಶ ನೌಕೆಗಳ ಪ್ರಸಾರವನ್ನು ಎಷ್ಟೋ ಜನ ಹೀಗೇ ನೋಡಿದರು.

ಅದೇ ದಶಕದಲ್ಲಿ ಇಂಟರ್ನೆಟ್‌ನ ಮಾನಕಗಳನ್ನು ಬರೆಯುವವರು ಸದ್ದಿಲ್ಲದೆ ಒಂದು ಕೆಲಸ ಮಾಡಿ ಮುಗಿಸಿದರು. ದನಿ ಮತ್ತು ಚಿತ್ರವನ್ನು ಪ್ಯಾಕೆಟ್‌ಗಳಾಗಿ ಕಳಿಸುವ 'ಆರ್‌ಟಿಪಿ' 1996ರ ಜನವರಿಯಲ್ಲಿ ಪ್ರಕಟವಾಯಿತು. ಪ್ರತಿ ಪ್ಯಾಕೆಟ್ ಮೇಲೂ ಒಂದು ಕ್ರಮಸಂಖ್ಯೆ, ಒಂದು ಸಮಯದ ಗುರುತು. ತಡವಾಗಿ ಬಂದದ್ದನ್ನು ಬಿಟ್ಟು ಮುಂದಕ್ಕೆ ಹೋಗುವುದಕ್ಕೂ, ದನಿಗೂ ತುಟಿಗೂ ತಾಳೆ ಮಾಡುವುದಕ್ಕೂ ಇದೇ ಆಧಾರ. ಕರೆ ಮಾಡುವುದು, ಎತ್ತುವುದು, ಇಡುವುದು ಇವುಗಳಿಗೆ ಬೇಕಾದ 'ಎಸ್‌ಐಪಿ' 1999ರಲ್ಲಿ ಬಂತು. ಈ ಹೆಸರುಗಳನ್ನ ನೆನಪಿಟ್ಟುಕೊಳ್ಳಿ. ಈ ಕತೆಯಲ್ಲಿ ಮುಂದೆ ಬರುವ ಬಹಳಷ್ಟು ಪ್ರಾಡಕ್ಟ್‌ಗಳು ಸಾಯುತ್ತವೆ, ಇವು ಉಳಿಯುತ್ತವೆ.

ದಾರಿ ಯಾರದ್ದು ಅನ್ನೋ ಪ್ರಶ್ನೆ ಬರೀ ಎಂಜಿನಿಯರ್‌ಗಳ ತಲೆಬಿಸಿ ಅಲ್ಲ. ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಅಮೆರಿಕದ ಕಿವುಡರ ಕತೆ. ಅಲ್ಲಿ 'ವಿಡಿಯೋ ರಿಲೇ' ಅಂತ ಒಂದು ಸೇವೆ ಇದೆ. ಕಿವುಡರು ಕ್ಯಾಮೆರಾ ಮುಂದೆ ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ. ನಡುವೆ ಇರುವ ಇಂಟರ್‌ಪ್ರಿಟರ್ ಅದನ್ನು ನೋಡಿ, ಫೋನಿನ ಆ ಕಡೆ ಇರುವವರಿಗೆ ಬಾಯಲ್ಲಿ ಹೇಳುತ್ತಾರೆ. ಅವರ ಉತ್ತರವನ್ನು ಮತ್ತೆ ಸನ್ನೆಯಲ್ಲಿ ತೋರಿಸುತ್ತಾರೆ. 2000ದಲ್ಲಿ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಈ ಸೇವೆಗೆ ಮಾನ್ಯತೆ ಕೊಟ್ಟು, ಇದರ ಖರ್ಚು ಭರಿಸುವ ವ್ಯವಸ್ಥೆ ಮಾಡಿತು. ಕಂಪನಿಗಳು ಮುಂದೆ ಬಂದವು, ಕಿವುಡರ ಮನೆಗಳಿಗೆ ವಿಡಿಯೋ ಫೋನ್ ಬಂದವು. ಡಾಕ್ಟರ ಅಪಾಯಿಂಟ್‌ಮೆಂಟ್, ಬ್ಯಾಂಕ್, ಮಕ್ಕಳ ಶಾಲೆ, ಎಲ್ಲಕ್ಕೂ ಅದೇ.

ಆದರೆ ಕೊಟ್ಟ ಪೆಟ್ಟಿಗೆಗೆ ಬೀಗವೂ ಇರಬಹುದಿತ್ತು. ಒಂದು ಕಂಪನಿಯ ಪೆಟ್ಟಿಗೆಯಿಂದ ಆ ಕಂಪನಿಯ ಇಂಟರ್‌ಪ್ರಿಟರ್‌ಗಳಿಗೆ ಮಾತ್ರ ಕರೆ ಹೋಗುವ ಹಾಗೆ ತಡೆಯಲು ಸಾಧ್ಯವಿತ್ತು, ತಡೆದದ್ದೂ ಉಂಟು. ಯೋಚನೆ ಮಾಡಿ: ರಾತ್ರಿ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ನಿಮ್ಮ ಕಂಪನಿಯ ಇಂಟರ್‌ಪ್ರಿಟರ್‌ಗಳೆಲ್ಲ ಬಿಜಿ, ಪಕ್ಕದ ಕಂಪನಿಯವರು ಖಾಲಿ ಇದ್ದಾರೆ, ಆದರೆ ನಿಮ್ಮ ಪೆಟ್ಟಿಗೆ ಅಲ್ಲಿಗೆ ಕರೆ ಬಿಡಲ್ಲ. 2006ರಲ್ಲಿ ಕಮಿಷನ್ ಇಂಥ ತಡೆಯನ್ನು ನಿಷೇಧಿಸಿತು: ಈ ನಿಧಿಯಿಂದ ದುಡ್ಡು ಪಡೆಯುವ ಯಾರೂ ಬೇರೆಯವರ ಸೇವೆಗೆ ಹೋಗುವ ದಾರಿ ಮುಚ್ಚುವಂತಿಲ್ಲ. ಎರಡು ವರ್ಷದ ನಂತರ, ಕಿವುಡರಿಗೂ ಎಲ್ಲರ ಹಾಗೆ ಹತ್ತು ಅಂಕಿಯ ಫೋನ್ ನಂಬರ್ ಕೊಡುವ ನಿಯಮ ಬಂತು. ಅದಕ್ಕೂ ಮುಂಚೆ ಅವರ ವಿಳಾಸವೂ ಒಂದೊಂದು ಕಂಪನಿಯ ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ನಾವು ಡಿಸೈನ್ ರಿವ್ಯೂನಲ್ಲಿ 'ಐಡಿ ಯಾರದ್ದಿರಬೇಕು, ನಮ್ಮದೋ ವೆಂಡರ್‌ದೋ' ಅಂತ ಕಾಟಾಚಾರಕ್ಕೆ ಕೇಳಿ ಮುಂದಕ್ಕೆ ಹೋಗ್ತೀವಲ್ಲ, ಅಲ್ಲಿ ಅದು ತುರ್ತು ಹೊತ್ತಿನಲ್ಲಿ ಕರೆ ತಲುಪುತ್ತೋ ಇಲ್ಲವೋ ಅನ್ನೋ ಪ್ರಶ್ನೆಯಾಗಿತ್ತು.

ಸರಿಸುಮಾರು ಅದೇ ಕಾಲದಲ್ಲಿ ನಮ್ಮ ಕಡೆ ಏನು ನಡೀತಿತ್ತು? ಇಸ್ರೋ 2001ರಲ್ಲಿ ಟೆಲಿಮೆಡಿಸಿನ್ ಪ್ರಯೋಗಗಳನ್ನು ಶುರು ಮಾಡಿತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆಗಳನ್ನು ಇನ್ಸಾಟ್ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಇಸಿಜಿ, ಎಕ್ಸ್‌ರೇ, ಜೊತೆಗೆ ಡಾಕ್ಟರ ಮುಖ, ಎಲ್ಲವೂ ಆಕಾಶಕ್ಕೆ ಹೋಗಿ ಬೊಮ್ಮಸಂದ್ರಕ್ಕೆ ಇಳಿಯುತ್ತಿದ್ದವು. ಇಲ್ಲೂ ದಾರಿ ಪೂರ್ತಿ ಒಂದೇ ಸಂಸ್ಥೆಯದ್ದು. ಆದರೆ ಅದು ಲಾಭಕ್ಕೆ ಕಟ್ಟಿದ ದಾರಿ ಅಲ್ಲ. ಎದೆನೋವು ಅಂತ ಬಂದವರನ್ನು ಬೆಂಗಳೂರಿಗೆ ಕಳಿಸಬೇಕೋ, ಅಲ್ಲೇ ನೋಡಿಕೊಳ್ಳಬಹುದೋ ಅಂತ ತಜ್ಞರನ್ನು ಕೇಳೋಕೆ ಒಂದು ಜಿಲ್ಲಾ ಆಸ್ಪತ್ರೆಗೆ ಹಾದಿಯಾಯಿತು. ಅದರ ಮಿತಿಯೂ ಸ್ಪಷ್ಟ: ಆ್ಯಂಟೆನಾ ಇರುವ ಊರಿಗೆ ಮಾತ್ರ ಅದು ತಲುಪುತ್ತಿತ್ತು.

ವಿಡಿಯೋವನ್ನು ಆ್ಯಂಟೆನಾದಿಂದ, ಪೆಟ್ಟಿಗೆಯಿಂದ ಬಿಡಿಸಿ, ಮಾಮೂಲಿ ವೆಬ್ ಡೆವಲಪರ್‌ನ ಕೈಗೆ ಕೊಟ್ಟದ್ದು ಫ್ಲ್ಯಾಶ್. ಈಗ ಫ್ಲ್ಯಾಶ್ ಅಂದರೆ ನಗುವವರೇ ಜಾಸ್ತಿ. ಆದರೆ 2002ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಫ್ಲ್ಯಾಶ್ ಪ್ಲೇಯರ್ 6ರಲ್ಲಿ ಕ್ಯಾಮೆರಾ, ಮೈಕ್ ಎರಡಕ್ಕೂ ಪ್ರವೇಶ ಕೊಟ್ಟು, ಜೊತೆಗೆ 'ಫ್ಲ್ಯಾಶ್ ಕಮ್ಯುನಿಕೇಷನ್ ಸರ್ವರ್' ಬಿಟ್ಟಾಗ, ವಿಡಿಯೋ ಮೊದಲ ಸಲ ಸರ್ವರ್ ಕಡೆ ಬರೆಯುವ ಕೋಡ್ ಆಯಿತು. ಸಂಪರ್ಕ ಕೇಳಿ ಬಂದವರನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಸರ್ವರ್‌ನಲ್ಲಿ ಒಂದು ಫಂಕ್ಷನ್ ಬರೆದು ತೀರ್ಮಾನಿಸಬಹುದಿತ್ತು. ಇವತ್ತಿನ ಟೋಕನ್ ಎಂಡ್‌ಪಾಯಿಂಟ್ ಮಾಡುವ ಕೆಲಸ ಅದೇ. ಕ್ಯಾಮೆರಾದಿಂದ ಬರುವುದನ್ನು 'ರೆಕಾರ್ಡ್' ಅಂತ ಹೇಳಿ ಕಳಿಸಿದರೆ ಸರ್ವರ್‌ನ ಡಿಸ್ಕ್ ಮೇಲೆ ಒಂದು ಫೈಲ್ ಕೂರುತ್ತಿತ್ತು. ಇನ್ನೊಬ್ಬರು ಬಿಡುವಾದಾಗ ಬಂದು ನೋಡಬಹುದು. ವಿಡಿಯೋ ಕರೆ ಮತ್ತು ವಿಡಿಯೋ ಮೆಸೇಜ್ ಬೇರೆಯಾಗಿದ್ದು ಇಂಥಲ್ಲಿ. ಕರೆಗೆ ಇಬ್ಬರೂ ಒಂದೇ ಹೊತ್ತಿಗೆ ಇರಬೇಕು. ಮೆಸೇಜ್‌ಗೆ ಬೇಡ, ಆದರೆ ಅದನ್ನು ಯಾರಾದರೂ ಕಾಯ್ದಿಡಬೇಕು.

ಫ್ಲ್ಯಾಶ್ ಸರ್ವರ್ ಲೈಸೆನ್ಸ್ ದುಬಾರಿ, ಅದು ಬಳಸುತ್ತಿದ್ದ 'ಆರ್‌ಟಿಎಂಪಿ' ಭಾಷೆ ಗುಟ್ಟಿನದ್ದು. ಆದರೂ 2005ರ ಹೊತ್ತಿಗೆ ಕೆಲವರು ಆ ಭಾಷೆಯನ್ನು ಹೊರಗಿನಿಂದಲೇ ಬಿಡಿಸಿ ಓದಿ, ಜಾವಾದಲ್ಲಿ 'ರೆಡ್5' ಅನ್ನೋ ಮುಕ್ತ ತಂತ್ರಾಂಶದ ಸರ್ವರ್ ಕಟ್ಟತೊಡಗಿದರು. ಜಾವಾದಲ್ಲಿ ಆ್ಯಪ್ಲಿಕೇಷನ್ ಇದ್ದವರು ಅದರ ಪಕ್ಕದಲ್ಲೇ ವಿಡಿಯೋ ಸರ್ವರ್ ಕೂರಿಸುವ ಕಾಲ ಬಂತು. ಅಷ್ಟರಲ್ಲಿ ಮ್ಯಾಕ್ರೋಮೀಡಿಯಾವನ್ನು ಕೊಂಡಿದ್ದ ಅಡೋಬಿ 2009ರಲ್ಲಿ ಆರ್‌ಟಿಎಂಪಿಯ ವಿವರಗಳನ್ನು ತಾನೇ ಪ್ರಕಟಿಸಿತು.

ಮುಂದೆ ಆದದ್ದು ನಿಮಗೆ ಗೊತ್ತು. ಐಫೋನ್ ಫ್ಲ್ಯಾಶ್‌ಗೆ ಬಾಗಿಲು ತೆಗೆಯಲೇ ಇಲ್ಲ. 2017ರಲ್ಲಿ ಅಡೋಬಿ ಅದರ ಕೊನೆಯ ದಿನ ಘೋಷಿಸಿತು, 2020ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಆದರೆ ಆರ್‌ಟಿಎಂಪಿ ಸಾಯಲಿಲ್ಲ. ಇವತ್ತಿಗೂ ಒಬಿಎಸ್ ತೆರೆದು ಯೂಟ್ಯೂಬ್‌ಗೆ ಲೈವ್ ಹೋಗುವವರು ಬಹಳ ಸಲ ಬಳಸುವುದು ಅದನ್ನೇ. ಪ್ಲೇಯರ್ ಹೋಯಿತು, ಸರ್ವರ್ ಹೋಯಿತು, ಬರೆದು ಪ್ರಕಟಿಸಿದ ಭಾಷೆ ಉಳಿಯಿತು.

ಸ್ಕೈಪ್ ಕತೆ ಇದಕ್ಕೆ ಉಲ್ಟಾ. 2003ರಲ್ಲಿ ಶುರುವಾಗಿ, 2006ರಲ್ಲಿ ವಿಡಿಯೋ ಸೇರಿಸಿಕೊಂಡ ಸ್ಕೈಪ್‌ನ ಜಾಣತನ ಏನಪ್ಪಾ ಅಂದ್ರೆ, ಅದು ನಡುವಿನ ಕೆಲಸಕ್ಕೆ ಬಳಕೆದಾರರ ಕಂಪ್ಯೂಟರ್‌ಗಳನ್ನೇ ಬಳಸಿಕೊಂಡಿತು. ಒಳ್ಳೆ ಲೈನ್ ಇರುವ ಕಂಪ್ಯೂಟರ್‌ಗಳು 'ಸೂಪರ್‌ನೋಡ್' ಆಗಿ ಉಳಿದವರ ಕರೆಗಳಿಗೆ ದಾರಿ ತೋರಿಸುತ್ತಿದ್ದವು. 2010ರ ಡಿಸೆಂಬರ್‌ನಲ್ಲಿ ಇವು ಸಾಲಾಗಿ ಬಿದ್ದು ಸ್ಕೈಪ್ ಪೂರ್ತಿ ಮಲಗಿದ್ದೂ ಉಂಟು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರ್‌ಗೆ ಕೊಂಡಿತು. ಮುಂದಿನ ವರ್ಷ ಸೂಪರ್‌ನೋಡ್‌ಗಳನ್ನು ತನ್ನದೇ ಸರ್ವರ್‌ಗಳಿಗೆ ಬದಲಾಯಿಸಿತು. ಸ್ಕೈಪ್ ಮೇಲೆ ಬೇರೆ ಪ್ರೋಗ್ರಾಂ ಕಟ್ಟಲು ಇದ್ದ ಡೆಸ್ಕ್‌ಟಾಪ್ ಎಪಿಐಯನ್ನು ನಿಲ್ಲಿಸುವುದಾಗಿ 2013ರಲ್ಲಿ ಹೇಳಿತು. 2025ರ ಮೇ 5ರಂದು ಸ್ಕೈಪ್ ಮುಚ್ಚಿತು. ಅಮೆರಿಕದಲ್ಲಿದ್ದ ಮಗನ ಮುಖವನ್ನು ಮೊದಲ ಸಲ ಸ್ಕೈಪ್‌ನಲ್ಲೇ ನೋಡಿದ ಅಪ್ಪ ಅಮ್ಮಂದಿರು ನಮ್ಮ ಮಲ್ಲೇಶ್ವರ, ಜಯನಗರಗಳ ಬೀದಿ ಬೀದಿಯಲ್ಲೂ ಇದ್ದಾರೆ. ಅದರ ಒಳಗಿನ ಭಾಷೆ ಮಾತ್ರ ಕೊನೆವರೆಗೂ ಗುಟ್ಟಾಗಿತ್ತು. ಹಾಗಾಗಿ ಬೇರೆ ಯಾರೂ ಅದನ್ನು ಎತ್ತಿಕೊಂಡು ಮುಂದುವರಿಸುವ ದಾರಿ ಉಳಿಯಲಿಲ್ಲ.

ಇವತ್ತು ನಮ್ಮ ಟಿಕೆಟ್‌ನ ಅಡಿಪಾಯ ವೆಬ್‌ಆರ್‌ಟಿಸಿ. 2010ರಲ್ಲಿ ಗೂಗಲ್ ಎರಡು ಕಂಪನಿಗಳನ್ನು ಕೊಂಡಿತು. ಒಂದು, ವಿಪಿ8 ಕೊಡೆಕ್ ಇದ್ದ ಆನ್2. ಇನ್ನೊಂದು, ದನಿ-ಚಿತ್ರವನ್ನು ಇಂಟರ್ನೆಟ್ ಮೇಲೆ ಹದವಾಗಿ ಸಾಗಿಸುವುದರಲ್ಲಿ ಪಳಗಿದ್ದ ಗ್ಲೋಬಲ್ ಐಪಿ ಸೊಲ್ಯೂಷನ್ಸ್. 2011ರಲ್ಲಿ ಆ ಕೋಡ್ ಅನ್ನು ವೆಬ್‌ಆರ್‌ಟಿಸಿ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2013ರ ಫೆಬ್ರವರಿಯಲ್ಲಿ ಕ್ರೋಮ್‌ನಿಂದ ಫೈರ್‌ಫಾಕ್ಸ್‌ಗೆ ಮೊದಲ ಕರೆ ಹೋಯಿತು. ಯಾವ ಕೊಡೆಕ್ ಕಡ್ಡಾಯ ಅಂತ ವರ್ಷಗಟ್ಟಲೆ ಜಗಳ ನಡೆದು, 2014ರ ಕೊನೆಗೆ ಬ್ರೌಸರ್‌ಗಳಲ್ಲಿ ಎರಡೂ ಇರಲಿ ಅನ್ನೋ ರಾಜಿಯಾಯಿತು. 2017ರಲ್ಲಿ ಸಫಾರಿ ಸೇರಿತು. 2021ರ ಜನವರಿ 26ರಂದು ಅದು ಅಧಿಕೃತ ವೆಬ್ ಮಾನಕವಾಯಿತು. ಒಳಗೆ ಬಗ್ಗಿ ನೋಡಿದರೆ ಚಿತ್ರ ಹೊರುತ್ತಿರುವುದು ಯಾರು? ಅದೇ 1996ರ ಆರ್‌ಟಿಪಿ, ಮೇಲೆ ಗೂಢಲಿಪಿಯ ಹೊದಿಕೆ ಹಾಕಿಕೊಂಡು.

ಆದರೆ ವೆಬ್‌ಆರ್‌ಟಿಸಿ ಒಂದು ಕೆಲಸವನ್ನು ಬೇಕಂತಲೇ ನಮಗೆ ಬಿಟ್ಟಿತು. ಇಬ್ಬರು ಮಾತಾಡುವ ಮುಂಚೆ 'ನನ್ನ ಹತ್ತಿರ ಇಂಥ ಕೊಡೆಕ್ ಇದೆ, ನನ್ನ ವಿಳಾಸ ಇದು' ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಲ್ಲ, ಆ ಸಿಗ್ನಲಿಂಗ್ ಹೇಗಿರಬೇಕು ಅಂತ ಮಾನಕ ಹೇಳುವುದಿಲ್ಲ. ನಮ್ಮ ಸರ್ವರ್‌ಗೆ ಕೆಲಸ ಸಿಕ್ಕಿದ್ದು ಆ ಖಾಲಿ ಜಾಗದಲ್ಲಿ. ಯಾರು ಯಾರ ಜೊತೆ ಮಾತಾಡಬಹುದು ಅಂತ ತೀರ್ಮಾನಿಸುವುದು, ರೂಮ್ ತೆರೆಯುವುದು, ಕೆಲವೇ ನಿಮಿಷ ನಡೆಯುವ ಟೋಕನ್ ಕೊಡುವುದು, ಎರಡೂ ಕಡೆ ರೂಟರ್, ಫೈರ್‌ವಾಲ್ ಅಡ್ಡ ಬಂದು ನೇರ ದಾರಿ ಸಿಗದಿದ್ದರೆ 'ಟರ್ನ್' ಸರ್ವರ್ ಮೂಲಕ ಸುತ್ತಿಸಿ ಕಳಿಸುವುದು, ರೆಕಾರ್ಡಿಂಗ್ ಮುಗಿದಾಗ ಫೈಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವುದು.

ಇದನ್ನೆಲ್ಲ ನಾವೇ ಮಾಡಬಹುದು. ಆದರೆ ಮನೆ ಕಟ್ಟಿ ನೋಡು ಅಂತಾರಲ್ಲ, ಹಾಗೆ. ಸರ್ವರ್‌ಗಳು ಮುಂಬೈನಲ್ಲೂ ಇರಬೇಕು, ಫ್ರಾಂಕ್‌ಫರ್ಟ್‌ನಲ್ಲೂ ಇರಬೇಕು, ರಾತ್ರಿ ಮೂರಕ್ಕೆ ಬಿದ್ದರೆ ಎತ್ತೋಕೆ ಜನ ಬೇಕು. ಅದಕ್ಕೇ ಬಾಡಿಗೆ ಮನೆಗಳು ಬಂದವು. 2007ರಲ್ಲಿ ಶುರುವಾದ ಟಾಕ್‌ಬಾಕ್ಸ್ ಮೊದಲು ಜನಸಾಮಾನ್ಯರ ವಿಡಿಯೋ ಚಾಟ್ ಸೈಟ್ ಆಗಿತ್ತು. 2010ರಲ್ಲಿ ಅದು ಡೆವಲಪರ್‌ಗಳಿಗಾಗಿ 'ಓಪನ್‌ಟಾಕ್' ಎಪಿಐ ತೆರೆಯಿತು. ನಮ್ಮ ಸರ್ವರ್‌ನಲ್ಲಿ ನಾಲ್ಕು ಸಾಲು ಬರೆದರೆ ಸೆಷನ್, ಇನ್ನೆರಡು ಸಾಲಿಗೆ ಟೋಕನ್. ಇವತ್ತಿಗೂ ಎಲ್ಲ ವಿಡಿಯೋ ಕಂಪನಿಗಳ ಮಾದರಿ ಹೆಚ್ಚು ಕಡಿಮೆ ಇದೇ.

ಓನರ್ ಬದಲಾಗುವುದೂ ಆಗಿನಿಂದಲೇ ಇದೆ. ಟಾಕ್‌ಬಾಕ್ಸ್ 2012ರಲ್ಲಿ ಸ್ಪೇನಿನ ಟೆಲಿಫೋನಿಕಾ ಕೈಗೆ ಹೋಯಿತು, 2018ರಲ್ಲಿ ವಾನೇಜ್ ಕೈಗೆ. 2022ರಲ್ಲಿ ವಾನೇಜ್ ಅನ್ನೇ ಎರಿಕ್ಸನ್ ಕೊಂಡಿತು. ಕೋಡ್ ಅದೇ, ಮನೆ ಅದೇ, ಬೋರ್ಡ್ ಬೇರೆ ಬೇರೆ. ಟ್ವಿಲಿಯೋ 2023ರ ಡಿಸೆಂಬರ್‌ನಲ್ಲಿ, ಇನ್ನೊಂದು ವರ್ಷಕ್ಕೆ ತನ್ನ ವಿಡಿಯೋ ಸೇವೆ ನಿಲ್ಲಿಸುತ್ತೇನೆ ಅಂದಿತು. ಆಮೇಲೆ ಗಡುವು ಮುಂದಕ್ಕೆ ಹಾಕಿತು. 2024ರ ಕೊನೆಯ ಹೊತ್ತಿಗೆ, ಇಲ್ಲ, ನಿಲ್ಲಿಸೋದಿಲ್ಲ, ಮುಂದುವರಿಸ್ತೀವಿ ಅಂದಿತು. ಅಷ್ಟರಲ್ಲಿ ಗಂಟುಮೂಟೆ ಕಟ್ಟಿದವರು ಕಟ್ಟಿ ಆಗಿತ್ತು. ಇದರಲ್ಲಿ ಮೋಸ ಏನಿಲ್ಲ, ಅದು ಅವರ ವ್ಯಾಪಾರ. ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆದುಕೊಂಡು ಬೆಂಗಳೂರಿನಲ್ಲಿ ಬದುಕುವ ನಮಗೆ ಇದು ಹೊಸದೂ ಅಲ್ಲ. ಓನರ್ ಮಗನಿಗೆ ಮದುವೆ ನಿಶ್ಚಯವಾದರೆ ನಾವು ಮನೆ ಖಾಲಿ ಮಾಡ್ತೀವಿ. ಆದರೆ ಖಾಲಿ ಮಾಡುವಾಗ ನಮ್ಮ ಸಾಮಾನು ನಮ್ಮ ಜೊತೆ ಬರಬೇಕಲ್ವಾ?

ಸಾಮಾನು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಎರಡನೇ ಸಲ ಈ ಟಿಕೆಟ್ ಬಂದಾಗ. ನಾನು ಆಗ ಮಕ್ಕಳ ಸ್ಪೀಚ್ ಥೆರಪಿಯ ಒಂದು ಸಣ್ಣ ಆ್ಯಪ್‌ನ ಸರ್ವರ್ ನೋಡಿಕೊಳ್ಳುತ್ತಿದ್ದೆ. ಊರಿನಲ್ಲಿ ಥೆರಪಿಸ್ಟ್ ಸಿಗದ ಮನೆಯವರು ಮಗುವಿನ ಒಂದು ನಿಮಿಷದ ವಿಡಿಯೋ ಕಳಿಸುತ್ತಿದ್ದರು. ಥೆರಪಿಸ್ಟ್ ಬಿಡುವಾದಾಗ ನೋಡಿ, 'ನಾಲಿಗೆ ಹೀಗೆ ಇಡಬೇಕು ಪುಟ್ಟಾ' ಅಂತ ತಾವೂ ಒಂದು ವಿಡಿಯೋ ಮಾಡಿ ಕಳಿಸುತ್ತಿದ್ದರು. ಒಂದು ನಿಮಿಷ, ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಅಂದುಕೊಂಡರೆ, ಸುಮಾರು ಏಳೂವರೆ ಎಂಬಿ. ಲೆಕ್ಕಕ್ಕೆ ಏನೂ ಅಲ್ಲ. ಆದರೆ 'ಕರಡಿ'ಯನ್ನು 'ಕಲಡಿ' ಅನ್ನುತ್ತಿದ್ದ ಮಗು ಎಂಟು ತಿಂಗಳ ನಂತರ 'ಕರಡಿ' ಅಂದಿತು ಅಂತ ತೋರಿಸೋಕೆ ಆ ಹಳೆಯ ಏಳೂವರೆ ಎಂಬಿಯೇ ಬೇಕು. ಥೆರಪಿಸ್ಟ್‌ಗೆ ಅದು ದಾಖಲೆ. ಆ ಅಮ್ಮನಿಗೆ ಏನು ಅಂತ ನಾನು ಹೇಳಬೇಕಿಲ್ಲ.

ನಮ್ಮ ಟೀಮ್ ಲೀಡ್ ಮೊದಲ ದಿನವೇ ಎರಡು ಕಟ್ಟುನಿಟ್ಟು ಮಾಡಿದ್ದರು. ಒಂದು, ಡೇಟಾಬೇಸ್‌ನಲ್ಲಿ ವೆಂಡರ್‌ನ ವಿಳಾಸ ಇಡುವಂತಿಲ್ಲ. ಪ್ರತಿ ವಿಡಿಯೋಗೆ ನಮ್ಮದೇ ಐಡಿ, ವೆಂಡರ್‌ನ ಐಡಿ ಪಕ್ಕದ ಬೇರೆ ಟೇಬಲ್‌ನಲ್ಲಿ. ಎರಡು, 'ರೆಕಾರ್ಡಿಂಗ್ ಸಿದ್ಧ' ಅಂತ ಅವರ ವೆಬ್‌ಹುಕ್ ಬಂದ ತಕ್ಷಣ ಫೈಲ್ ಅನ್ನು ನಮ್ಮ ಸ್ಟೋರೇಜ್‌ಗೆ ಎಳೆದುಕೊಳ್ಳಬೇಕು. ವೆಬ್‌ಹುಕ್ ಎರಡು ಸಲ ಬರಬಹುದು, ಹಿಂದುಮುಂದಾಗಿ ಬರಬಹುದು, ಯಾರೋ ಬೇರೆಯವರು ಕಳಿಸಿದ್ದೂ ಇರಬಹುದು. ಆದ್ದರಿಂದ ಮೊದಲು ಸಹಿ ಪರೀಕ್ಷೆ, ಆಮೇಲೆ ಕ್ಯೂ, ಒಂದೇ ಫೈಲ್ ಎರಡು ಸಲ ಬಂದರೂ ಒಂದೇ ಸಲ ಉಳಿಯುವ ಹಾಗೆ ಕೋಡ್. ಆಗ ನನಗೆ ಇದು ಅತಿಯಾಯ್ತು ಅನ್ನಿಸಿತ್ತು ಅಂತೇನಿಲ್ಲ, ಯಾಕಿಷ್ಟು ಕಟ್ಟುನಿಟ್ಟು ಅನ್ನೋ ಕುತೂಹಲ ಇತ್ತು ಅಷ್ಟೇ.

ಒಂದೂವರೆ ವರ್ಷದ ಮೇಲೆ ವೆಂಡರ್‌ನಿಂದ ಇಮೇಲ್ ಬಂತು: ತೊಂಬತ್ತು ದಿನದಲ್ಲಿ ಸೇವೆ ನಿಲ್ಲುತ್ತದೆ, ರೆಕಾರ್ಡಿಂಗ್‌ಗಳನ್ನೂ ಅಳಿಸಲಾಗುತ್ತದೆ. ನಾವು ಹೊಸ ವೆಂಡರ್‌ಗೆ ಒಂದು ಅಡಾಪ್ಟರ್ ಬರೆದೆವು, ಮೂರು ವಾರ ಹಿಡಿಯಿತು. ಯಾವ ಮಗುವಿನ ಯಾವ ವಿಡಿಯೋವೂ ಹೋಗಲಿಲ್ಲ. ಅದೇ ವೆಂಡರ್ ಬಳಸುತ್ತಿದ್ದ ಇನ್ನೊಂದು ಕಂಪನಿಯಲ್ಲಿ ನನ್ನ ಗೆಳೆಯ ಇದ್ದ. ಅವರ ಡೇಟಾಬೇಸ್‌ನಲ್ಲಿ ಇದ್ದದ್ದು ವೆಂಡರ್‌ನ ಲಿಂಕ್‌ಗಳೇ. ತೊಂಬತ್ತು ದಿನ ಅವನು ಹೊಸ ಕೋಡ್ ಬರೆಯೋಕೆ ಆಗಲಿಲ್ಲ, ಹಗಲೂ ರಾತ್ರಿ ಫೈಲ್ ಇಳಿಸಿಕೊಳ್ಳೋದೇ ಕೆಲಸ. ಎಲ್ಲ ಸಿಗಲೂ ಇಲ್ಲ. ಮುಚ್ಚಿದ ಮನೆಯ ವಿಳಾಸ ಬರೆದಿಟ್ಟ ಸಾಲುಗಳು ಅವರ ಟೇಬಲ್‌ನಲ್ಲಿ ಹಾಗೇ ಉಳಿದವು.

ನಮ್ಮ ಟೀಮ್ ಲೀಡ್ ಹೇಳಿದ್ದನ್ನೇ ಆಮೇಲೆ ನಾನು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಓದಿದೆ. 2020ರ ಜನವರಿ 9ರಂದು ರಿಸರ್ವ್ ಬ್ಯಾಂಕ್, ವಿಡಿಯೋ ಮೂಲಕ ಗ್ರಾಹಕರನ್ನು ಗುರುತಿಸಿ ಖಾತೆ ತೆರೆಯಲು ಅವಕಾಶ ಕೊಟ್ಟಿತು. ನೀವೂ ಪ್ಯಾನ್ ಕಾರ್ಡ್ ಕ್ಯಾಮೆರಾ ಮುಂದೆ ಹಿಡಿದು, 'ಸ್ವಲ್ಪ ಬೆಳಕಿನ ಕಡೆ ಬನ್ನಿ ಸರ್' ಅಂತ ಕೇಳಿಸಿಕೊಂಡಿರುತ್ತೀರಿ. ನಂತರದ ತಿದ್ದುಪಡಿಗಳಲ್ಲಿ ಷರತ್ತುಗಳು ಬಿಗಿಯಾದವು. ವಿಡಿಯೋ ಸಂಪರ್ಕ ಬ್ಯಾಂಕಿನದೇ ಸುರಕ್ಷಿತ ಜಾಲದಿಂದ ಹೊರಡಬೇಕು. ಕ್ಲೌಡ್ ಬಳಸಿದರೂ ಡೇಟಾದ ಒಡೆತನ ಬ್ಯಾಂಕಿನದೇ. ಪ್ರಕ್ರಿಯೆ ಮುಗಿದ ಕೂಡಲೇ ರೆಕಾರ್ಡಿಂಗ್ ಬ್ಯಾಂಕಿನ ಸರ್ವರ್‌ಗೆ ಬರಬೇಕು, ತಂತ್ರಜ್ಞಾನ ಒದಗಿಸಿದ ಮೂರನೆಯವರ ಹತ್ತಿರ ಏನೂ ಉಳಿಯಬಾರದು. ದಾರಿ ಬಾಡಿಗೆಗೆ ತಗೊಳ್ಳಿ, ಆದರೆ ಸಾಗಿದ ವಸ್ತು ನಿಮ್ಮ ಮನೆಗೆ ಬರಲಿ ಅನ್ನೋದು ಇದರ ಅರ್ಥ. ಸ್ಪೀಚ್ ಥೆರಪಿ ಆ್ಯಪ್‌ಗೆ, ಟ್ಯೂಷನ್ ಆ್ಯಪ್‌ಗೆ, ಆಪ್ತ ಸಮಾಲೋಚನೆಯ ಆ್ಯಪ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಅಲ್ಲಿರುವ ಮುಖಗಳು ಪ್ಯಾನ್ ಕಾರ್ಡ್ ಹಿಡಿದ ಮುಖಕ್ಕಿಂತ ಕಡಿಮೆ ಬೆಲೆಯವು ಅಂತ ನನಗೇನೂ ಅನ್ನಿಸುವುದಿಲ್ಲ.

ಹಾಗಂತ ಎಲ್ಲರೂ ತಮ್ಮದೇ ವಿಡಿಯೋ ಸರ್ವರ್ ಕಟ್ಟಿ ಅಂತ ನಾನು ಹೇಳ್ತಿಲ್ಲ. ಎಟಿ ಆ್ಯಂಡ್ ಟಿಯಂಥ ಕಂಪನಿಯೇ ಪೂರ್ತಿ ದಾರಿ ತಾನೇ ಕಟ್ಟಲು ಹೋಗಿ ಕೈಸುಟ್ಟುಕೊಂಡಿತು. ಬಾಡಿಗೆ ಇರಲಿ. ಆದರೆ ಮೂರು ವಸ್ತು ಬಾಡಿಗೆಗೆ ಹೋಗಬಾರದು: ಯಾರು ಯಾರು ಅನ್ನುವ ಗುರುತು, ಯಾರಿಗೆ ಪ್ರವೇಶ ಅನ್ನುವ ತೀರ್ಮಾನ, ಮತ್ತು ರೆಕಾರ್ಡ್ ಆದ ಚಿತ್ರ. ಉಳಿದದ್ದಕ್ಕೆ, ವೆಂಡರ್ ಎಷ್ಟರ ಮಟ್ಟಿಗೆ ಪ್ರಕಟಿತ ಮಾನಕಗಳ ಮೇಲೆ ನಿಂತಿದ್ದಾನೆ ಅಂತ ನೋಡಿ. ನಮ್ಮ ಉಳಿದ ಕೋಡ್ ಅವನ ಲೈಬ್ರರಿಯನ್ನು ನೇರವಾಗಿ ಮುಟ್ಟದ ಹಾಗೆ ನಡುವೆ ನಮ್ಮದೊಂದು ತೆಳು ಪದರ ಇರಲಿ.

ಈಗ ವೆಂಡರ್ ಜೊತೆ ಮೊದಲ ಕಾಲ್‌ಗೆ ಕೂತಾಗ ಬೆಲೆ ಕೇಳುವ ಮುಂಚೆ ನಾನು ಒಂದು ಪ್ರಶ್ನೆ ಕೇಳ್ತೀನಿ: 'ನಾವು ನಾಳೆ ಬಿಟ್ಟು ಹೋಗಬೇ‌ಕಾದರೆ, ನಮ್ಮ ರೆಕಾರ್ಡಿಂಗ್‌ಗಳು ಎಷ್ಟು ದಿನದಲ್ಲಿ, ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತವೆ?' ಸೇಲ್ಸ್‌ನವರು ಒಂದು ಕ್ಷಣ ಸುಮ್ಮನಾಗಿ, ಟೆಕ್ನಿಕಲ್ ಟೀಮ್ ಕೇಳಿ ಹೇಳ್ತೀವಿ ಸರ್ ಅಂತಾರೆ. ಕೇಳಿ ಹೇಳುವವರ ಜೊತೆ ಮುಂದಿನ ಮೀಟಿಂಗ್ ಇಟ್ಟುಕೊಳ್ತೀನಿ.